ಡಾಕ್ಟರ ದನಿ

"ಓರೆ ಮಾಡು, ಓರೆ! ಕಾಲಿನ ಕಡೆ ಎತ್ತು... ಅವನ ಕಾಲು ಕಣೋ, ನನ್ನ ಕಾಲಲ್ಲ!"

ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ಕೂಗುತ್ತಿದ್ದವನು ಸತ್ತವನ ಅಣ್ಣ, ಬೇಕರಿ ಇಟ್ಟುಕೊಂಡಿದ್ದ ದಪ್ಪ ಆಸಾಮಿ. ಬೈಸಿಕೊಳ್ಳುತ್ತಿದ್ದವನು ಸತ್ತವನ ಜೊತೆ ಲಿಫ್ಟ್ ರಿಪೇರಿಗೆ ಹೋಗುತ್ತಿದ್ದ ಜೊತೆಗಾರ. ಸಣಕಲು ಮೈಗೂ ನಿಂತಲ್ಲಿ ನಿಲ್ಲದ ಸ್ವಭಾವಕ್ಕೂ ಸೇರಿಸಿ ಎಲ್ಲರೂ ಅವನನ್ನು ಸ್ಕ್ರೂ ಎಂದೇ ಕರೆಯುತ್ತಿದ್ದರು.

ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸಿರಲಿಲ್ಲ. ಸತ್ತವನ ಹೆಂಡತಿ ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿಯುವವಳು. ಟೇಪು ಹಿಡಿಯದೆ ಅಳತೆ ಹೇಳುವ ಕಣ್ಣು ಅವಳದು. ಕೆಳಗೆ ಆಂಬುಲೆನ್ಸಿನ ಬಾಗಿಲು ತೆಗೆದಾಗಲೇ ಒಮ್ಮೆ ಸ್ಟ್ರೆಚರನ್ನೂ ಒಮ್ಮೆ ಲಿಫ್ಟನ್ನೂ ನೋಡಿ, "ಒಂದು ಗೇಣು ಸಾಲಲ್ಲ" ಎಂದಿದ್ದಳು. ನಿನ್ನೆಯಿಂದ ಅವಳು ಆಡಿದ ಮೊದಲ ಮಾತು ಅದು.

"ನಿಲ್ಲಿಸಿದ್ರೆ ಹಿಡಿಸ್ತಿತ್ತು" ಎಂದುಬಿಟ್ಟಿದ್ದ ಸ್ಕ್ರೂ. ಆಮೇಲೆ ತನ್ನ ಬಾಯನ್ನು ತಾನೇ ಕೈಯಿಂದ ಮುಚ್ಚಿಕೊಂಡಿದ್ದ.

ಮೂರನೇ ಮಹಡಿಗೆ ಬರುವಷ್ಟರಲ್ಲಿ ಅಣ್ಣನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. "ಇಳಿಸ್ರಪ್ಪಾ ಒಂದ್ನಿಮಿಷ" ಎಂದು ಮೆಟ್ಟಿಲ ಮೇಲೆ ಕುಸಿದು ಕೂತ.

"ದೊಡ್ಡಪ್ಪಾ, ನೀವು ಬಿಡಿ. ನಾನು ಹಿಡ್ಕೋತೀನಿ" ಎಂದಳು ಸತ್ತವನ ಮಗಳು.

"ನನಗೇನಾಗಿದೆ? ನಾನು ಗುಂಡುಕಲ್ಲಿನ ಹಾಗಿದ್ದೀನಿ. ಈ ಮೆಟ್ಟಿಲು ಕಟ್ಟಿದೋನಿಗೆ ತಲೆ ಇಲ್ಲ, ಅಷ್ಟೆ."

ಆಗ ಪಕ್ಕದಲ್ಲೇ ಲಿಫ್ಟ್ ಬಂದು ನಿಂತಿತು. ಬಾಗಿಲು ತೆರೆಯುತ್ತಲೇ ಒಳಗಿನಿಂದ ದಪ್ಪ, ಕಫ ಕಟ್ಟಿದ ದನಿಯೊಂದು ಕೇಳಿತು:

"ಹ್ಞಾಂ... ಮೂರನೇ ಮಹಡಿ. ಆತುರ ಬೇಡ ಕಣಯ್ಯಾ. ಕಾಲು ನೋಡ್ಕೊಂಡು ಇಳಿ."

ಕೆಳಗಿಟ್ಟ ಸ್ಟ್ರೆಚರಿನ ಹಿಡಿ ಬಿಟ್ಟು ಸ್ಕ್ರೂ ಹಿಂದೆ ಸರಿದ. ಎಲ್ಲರೂ ಬಿಳಿ ಹೊದಿಕೆಯ ಕಡೆ ನೋಡಿದರು. ಹೊದಿಕೆ ಅಲುಗಲಿಲ್ಲ. ಲಿಫ್ಟಿನಲ್ಲಿದ್ದ ಕೆಳಮನೆಯ ಮೇಷ್ಟ್ರು ತರಕಾರಿ ಚೀಲ ಹಿಡಿದು ಹೊರಗೆ ಬರಬೇಕೋ ಬೇಡವೋ ತಿಳಿಯದೆ ನಿಂತೇ ಇದ್ದರು. ಬಾಗಿಲು ಅವರ ಮೂಗಿನ ಮುಂದೆ ಮುಚ್ಚಿಕೊಂಡಿತು.

*

ಆ ದನಿ ಸತ್ತವನದೇ. ಆದರೆ ಅವನ ಸ್ವಂತದ್ದಲ್ಲ, ಕಡ ತಂದದ್ದು.

ಕೆಲವು ವರ್ಷಗಳ ಹಿಂದೆ ಅವನಿಗೆ ಬೆಳಿಗ್ಗೆ ಎದ್ದರೆ ತಲೆನೋವು. ಹೆಂಡತಿ ಹಿಡಿದ ಹಟ ಬಿಡದೆ ಮಾರುಕಟ್ಟೆ ರಸ್ತೆಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿನ ಮುದಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಕನ್ನಡಕದ ಮೇಲಿನಿಂದ ನೋಡಿದ್ದರು.

"ಹ್ಞಾಂ... ಏನಯ್ಯಾ ಕೆಲಸ?"

"ಲಿಫ್ಟ್ ಮೆಕ್ಯಾನಿಕ್ ಸರ್."

"ಲಿಫ್ಟ್ ಮೇಲೆ ಹೋದ್ರೆ ಇಳಿಸೋಕೆ ಬಟನ್ ಇದೆ. ಬೀಪಿ ಮೇಲೆ ಹೋದ್ರೆ ಬಟನ್ ಇಲ್ಲ ಕಣಯ್ಯಾ. ದಿನಾ ಮಾತ್ರೆ ತಗೋ, ಉಪ್ಪು ಬಿಡು, ಆರು ತಿಂಗಳಿಗೊಂದ್ಸಲ ಬಾ. ತಲೆ ನೋಯ್ಲಿ, ನೋಯ್ದೇ ಇರ್ಲಿ, ಬಾ. ತಿಳೀತಾ?"

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಆ ದನಿಯನ್ನು ಗಂಟಲಿಗೆ ಇಳಿಸಿಕೊಂಡಿದ್ದ. ಹೆಂಡತಿಯ ಟೇಪನ್ನು ಕತ್ತಿಗೆ ಸ್ಟೆಥಾಸ್ಕೋಪಿನ ಹಾಗೆ ಹಾಕಿಕೊಂಡು, ಮಗಳ ನಾಡಿ ಹಿಡಿದು, "ಹ್ಞಾಂ... ಗಣಿತದ ಪರೀಕ್ಷೆ ಇದೆಯೇನಮ್ಮಾ? ಹೊಟ್ಟೆನೋವು ಬರುತ್ತೆ, ತಿಳೀತಾ?" ಎಂದ. ತಾಯಿ, ಮಗಳು ನಕ್ಕು ನಕ್ಕು ಪರದೆ ಬಟ್ಟೆಯ ಮೇಲೆ ಬಿದ್ದರು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಆರು ತಿಂಗಳಿಗೊಮ್ಮೆ ಅವನು ಕ್ಲಿನಿಕ್ಕಿಗೆ ಹೋಗುವುದು, ಸಂಜೆ ಬಂದು ಡಾಕ್ಟರು ಅಂದದ್ದನ್ನೆಲ್ಲ ಡಾಕ್ಟರ ದನಿಯಲ್ಲೇ ಆಡಿ ತೋರಿಸುವುದು. ಅವಳಿಗೆ ಬೇರೆ ವರದಿ ಬೇಕಿರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಮಾತು ಬಂದ ಮೇಲೆ ಹೋಗಿ ಬಂದನೋ ಇಲ್ಲವೋ ಎಂದು ಯಾರು ಕೇಳುತ್ತಾರೆ?

ಒಂದು ಸಂಜೆ ಆ ದನಿ ಹೇಳಿತು: "ಹ್ಞಾಂ... ಏನಯ್ಯಾ, ನಿನ್ನ ಬೀಪಿ ನೋಡಿದ್ರೆ ನನಗೇ ಹೊಟ್ಟೆಕಿಚ್ಚು. ಇನ್ನು ಮಾತ್ರೆ ಯಾಕೆ? ನಿಲ್ಲಿಸು."

ಅವಳು ಆ ಖುಷಿಗೆ ಪಾಯಸ ಮಾಡಿದ್ದಳು.

ಅದೇ ದನಿಯನ್ನು ಅವನು ತಮ್ಮ ಕಟ್ಟಡದ ಲಿಫ್ಟಿಗೂ ತುಂಬಿಸಿದ. ಮಹಡಿ ಹೇಳುವ ಹೆಂಗಸಿನ ದನಿಯ ಪೆಟ್ಟಿಗೆ ಕೆಟ್ಟಾಗ ಹೊಸದರಲ್ಲಿ ತಾನೇ ಮಾತಾಡಿ ಕೂರಿಸಿಬಿಟ್ಟ. ಮೊದಲು ಗೊಣಗಿದ ಮನೆಗಳವರು ಆಮೇಲೆ ಅದಕ್ಕೆ 'ಡಾಕ್ಟರ್ ಲಿಫ್ಟ್' ಎಂದು ಹೆಸರಿಟ್ಟರು. ಅವನ ಹೆಂಡತಿಯಂತೂ ಇಳಿಯುವಾಗಲೆಲ್ಲ ಆ ದನಿಗೆ "ಸರಿ ಡಾಕ್ಟ್ರೇ" ಎಂದು ಉತ್ತರ ಕೊಡುತ್ತಿದ್ದಳು.

*

ನಾಲ್ಕನೇ ಮಹಡಿಯ ಮನೆಯಲ್ಲಿ ಹೊಲಿಗೆ ಮೆಷಿನ್ನನ್ನು ಗೋಡೆಗೆ ಸರಿಸಿ ಅವನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಯಾರದೋ ಮನೆಗೆ ಹೋಗಬೇಕಾಗಿದ್ದ ನೀಲಿ ಪರದೆ ಇನ್ನೂ ಮೆಷಿನ್ನಿನ ಸೂಜಿಯಲ್ಲೇ ಸಿಕ್ಕಿಕೊಂಡಿತ್ತು.

ಬಂದವರಿಗೆಲ್ಲ ಸ್ಕ್ರೂ ನಿನ್ನೆ ಆದದ್ದನ್ನೇ ಹೇಳುತ್ತಿದ್ದ. "ಚೆನ್ನಾಗೇ ಇದ್ದ. ಮಷೀನ್ ರೂಮಲ್ಲಿ ಬ್ರೇಕ್ ಬಿಗಿ ಮಾಡ್ತಾ ಇದ್ವಿ. ಆ ಬಿಲ್ಡಿಂಗಿನೋರಿಗೆ ಬೈತಾ ಇದ್ದ, 'ಕೆಟ್ಟ ಮೇಲೆ ಕರೀತಾರೆ ನನ್ಮಕ್ಳು, ಸರ್ವೀಸಿಗೆ ಕರೀರಿ ಅಂದ್ರೆ ಓಡ್ತಾ ಇದೆಯಲ್ಲ ಅಂತಾರೆ' ಅಂತ. 'ತಲೆ ಒಂಥರಾ ಆಗ್ತಿದೆ ಕಣೋ' ಅಂದ. ಸ್ಪ್ಯಾನರ್ ನನ್ನ ಕೈಗೆ ಕೊಟ್ಟ. ಅಷ್ಟೇ. ಆಸ್ಪತ್ರೇಲಿ ತಲೆ ಒಳಗೆ ರಕ್ತನಾಳ ಒಡೆದಿದೆ ಅಂದ್ರು. ಬೀಪಿಗೆ ಮಾತ್ರೆ ತಗೋತಿದ್ರಾ ಅಂತ ಕೇಳಿದ್ರು. ಇಲ್ಲ ಸರ್, ಅವರ ಡಾಕ್ಟರೇ ನಿಲ್ಲಿಸಿದ್ದಾರೆ ಅಂದೆ."

"ಅವರ ಡಾಕ್ಟರೇ" ಎಂಬ ಮಾತು ಬಂದಾಗಲೆಲ್ಲ ಹೆಂಡತಿ ತಲೆ ಎತ್ತುತ್ತಿದ್ದಳು.

"ಅವರು ಬರ್ಲಿ" ಎಂದಳು ಕೊನೆಗೆ. "ಇವರನ್ನ ಮನೆಗೆ ತಂದ ಕೂಡ್ಲೇ ಕ್ಲಿನಿಕ್ಕಿಗೆ ಫೋನ್ ಮಾಡಿಸಿದ್ದೀನಿ. ಚಳಿಗಾಲದಲ್ಲಿ ನೋಡಿ ಕುದುರೆ ಹಾಗಿದ್ದೀಯ ಅಂದೋರು ಅವರೇ. ಇವರ ಮುಖ ನೋಡಿ ಅದನ್ನೇ ಇನ್ನೊಂದ್ಸಲ ಹೇಳ್ಲಿ. ಅಲ್ಲೀವರೆಗೂ ಇವರನ್ನ ಎತ್ತೋ ಹಾಗಿಲ್ಲ."

"ನೀನು ಸುಮ್ನಿರಮ್ಮಾ, ನಾನು ಕೇಳ್ತೀನಿ" ಎಂದು ಅಣ್ಣ ಅಂಗಿಯ ತೋಳು ಮಡಚಿದ. "ಕೊರಳಪಟ್ಟಿ ಹಿಡಿದು ಕೇಳ್ತೀನಿ. ಮುದುಕ ಅಂತ ನೋಡಲ್ಲ."

ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹೆಗಲಲ್ಲಿ ಚೀಲ, ವಯಸ್ಸು ಮೂವತ್ತರ ಆಸುಪಾಸು. ಹೆಂಡತಿ ಅವಳ ಮುಖ ನೋಡದೆಯೇ ನೀಲಿ ಬಟ್ಟೆಯ ಕಡೆ ಕೈ ತೋರಿಸಿದಳು.

"ಪರದೆ ಆಗಿಲ್ಲಮ್ಮಾ. ಮನೇಲಿ ಹೀಗಾಗಿದೆ. ಆಮೇಲೆ ಬಾ."

"ನಾನು ಪರದೆಗೆ ಬಂದಿಲ್ಲ" ಎಂದಿತು ಸಣ್ಣ, ತೆಳು ದನಿ. "ಕ್ಲಿನಿಕ್ಕಿಂದ ಬಂದೆ. ಫೋನ್ ಬಂದಿತ್ತು."

"ಡಾಕ್ಟ್ರೆಲ್ಲಿ?"

"ನಾನೇ ಡಾಕ್ಟರು."

ಅಣ್ಣನ ಮಡಚಿದ ತೋಳು ಅಲ್ಲೇ ನಿಂತಿತು. ಹೆಂಡತಿ ಬಂದವಳ ಹಿಂದೆ ಇನ್ನೊಬ್ಬರು ಇರಬಹುದೆಂದು ಇಣುಕಿದಳು. ಯಾರೂ ಇರಲಿಲ್ಲ.

"ನೀವು ಅವರ ಮಗಳಾ? ದಪ್ಪ ದನಿಯೋರು, ಕನ್ನಡಕ..."

"ಅಲ್ಲಮ್ಮಾ. ಅವರು ಕ್ಲಿನಿಕ್ ಬಿಟ್ಟುಕೊಟ್ಟು ಊರು ಬಿಟ್ರು. ಮೂರು ವರ್ಷದಿಂದ ನಾನೇ ಇದ್ದೀನಿ."

"ಮೂರು ವರ್ಷ" ಎಂದಳು ಹೆಂಡತಿ. ಗೊತ್ತಿಲ್ಲದ ಭಾಷೆಯ ಪದವನ್ನು ಬಾಯಲ್ಲಿಟ್ಟು ನೋಡುವವಳ ಹಾಗೆ ಮತ್ತೊಮ್ಮೆ ಅಂದಳು. "ಮೂರು ವರ್ಷ. ಅಲ್ಲ, ಈ ಚಳಿಗಾಲದಲ್ಲಿ ಬಂದಿದ್ರಲ್ಲ ಇವರು. ಅದಕ್ಕೆ ಮುಂಚೇನೂ ಬಂದಿದ್ರು. ನೀವು ಮರ್ತಿದ್ದೀರಿ."

ಡಾಕ್ಟರು ಮಲಗಿದ್ದವನ ಹತ್ತಿರ ಬಂದು ಮಂಡಿಯೂರಿ ಮುಖ ನೋಡಿದಳು.

"ಮರೆಯೋ ಮುಖ ಅಲ್ಲ. ನಮ್ಮ ಬಿಲ್ಡಿಂಗಿನ ಲಿಫ್ಟ್ ನೋಡೋಕೆ ತಿಂಗಳು ತಿಂಗಳೂ ಒಬ್ಬರೇ ಬರ್ತಿದ್ರು. ಒಳಗೆ ಬನ್ನಿ, ಬೀಪಿ ನೋಡ್ತೀನಿ ಅಂತ ಎಷ್ಟೋ ಸಲ ಕರೆದಿದ್ದೀನಿ. 'ನಿಮ್ಮ ಲಿಫ್ಟಿಗೆ ನಾನೇ ಡಾಕ್ಟರು. ಡಾಕ್ಟರನ್ನ ಡಾಕ್ಟರು ನೋಡಿದ್ರೆ ಫೀಸು ಯಾರು ಯಾರಿಗೆ ಕೊಡ್ಬೇಕು ಮೇಡಂ?' ಅಂತಿದ್ರು. ಕಾಯ್ತಾ ಕೂತ ಪೇಷಂಟುಗಳೆಲ್ಲ ನಗೋರು. ನಾನೂ ನಕ್ಕು ಒಳಗೆ ಹೋಗ್ತಿದ್ದೆ. ಬಾಗಿಲು ದಾಟಿ ಒಂದ್ಸಲಾನೂ ಬಂದಿಲ್ಲ."

"ಹಾಗಾದ್ರೆ ಮಾತ್ರೆ ನಿಲ್ಲಿಸು ಅಂದೋರು ಯಾರು?"

ಹೆಂಡತಿಯ ಪ್ರಶ್ನೆ ಅಷ್ಟು ಜೋರಾಗಿರಲಿಲ್ಲ. ಆದರೆ ಮನೆ ತುಂಬ ಇದ್ದ ಜನಕ್ಕೆಲ್ಲ ಕೇಳಿಸಿತು. ಅಷ್ಟರಲ್ಲಿ ಹೊರಗೆ ಲಿಫ್ಟ್ ಬಂದು ನಿಂತಿತು.

"ಹ್ಞಾಂ... ನಾಲ್ಕನೇ ಮಹಡಿ. ತಿಳೀತಾ?"

ಎಲ್ಲರ ತಲೆಗಳೂ ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ಹೆಂಡತಿ ಗಂಡನ ಮುಖದ ಮೇಲಿನ ಬಟ್ಟೆಯನ್ನು ಕತ್ತಿನವರೆಗೆ ಸರಿಸಿದಳು.

"ಹೇಳಿ ನೋಡೋಣ ಈಗ" ಎಂದಳು. "ಅದೇ ದನೀಲಿ ಹೇಳಿ. ಎಷ್ಟು ಚೆನ್ನಾಗಿ ಮಾಡ್ತಿದ್ರಿ! ನಾನು ಎಷ್ಟು ನಗ್ತಿದ್ದೆ! ಹೇಳ್ರೀ!"

*

ಮಾತ್ರೆ ನಿಂತ ಆ ಸಂಜೆ ನಿಜಕ್ಕೂ ನಡೆದದ್ದು ಇಷ್ಟೇ. ಅವನು ಕ್ಲಿನಿಕ್ಕಿಗೆ ಹೋಗಿದ್ದ. ಬಾಗಿಲಲ್ಲಿ ಹೊಸ ಬೋರ್ಡು, ಒಳಗೆ ಹೊಸ ಮುಖ, ಹೊರಗೆ ಉದ್ದದ ಸಾಲು. ತಲೆನೋವು ಹೋಗಿ ಬಹಳ ದಿನವಾಗಿತ್ತು. ಓಡುತ್ತಿರುವುದನ್ನು ಬಿಚ್ಚಿ ನೋಡುವುದೇಕೆ ಅನ್ನಿಸಿತು. ಬಿಲ್ಡಿಂಗುಗಳವರು ತನಗೆ ಹೇಳುವ ಮಾತು ಅದೇ ಎಂಬುದು ಹೊಳೆಯಲಿಲ್ಲ. ಮನೆಗೆ ಬಂದ. ಹೆಂಡತಿ ಮೆಷಿನ್ ನಿಲ್ಲಿಸಿ, "ಏನಂದ್ರು ಡಾಕ್ಟ್ರು?" ಎಂದು ಆಸೆಯಿಂದ ಮುಖ ನೋಡಿದಳು. ನಾಟಕಕ್ಕೆ ಮಗಳೂ ಪುಸ್ತಕ ಮಡಚಿಟ್ಟು ಬಂದು ಕೂತಳು.

ಅವನು ಗಂಟಲು ಸರಿಮಾಡಿಕೊಂಡ.

*

"ಅಲ್ಲಾ, ನಿಮಗೂ ಬುದ್ಧಿ ಬೇಡ್ವಾ?" ಅಣ್ಣ ಸಿಟ್ಟು ಇಡಲು ಜಾಗ ಸಿಗದೆ ಡಾಕ್ಟರ ಮೇಲೆ ಹಾರಿದ. "ಅವನೇನೋ ತಮಾಷೆ ಮಾಡಿದ. ನೀವು ನಕ್ಕು ಒಳಗೆ ಹೋಗೋದಾ? ರಟ್ಟೆ ಹಿಡಿದು ಎಳೆದು ಕೂರಿಸ್ಬೇಕಿತ್ತು..." ಮಾತು ಅಲ್ಲಿಗೇ ತುಂಡಾಯಿತು. ಅವನು ಹಣೆಯನ್ನು ಹಿಡಿದು ಮೆಷಿನ್ನಿನ ಸ್ಟೂಲಿನ ಮೇಲೆ ಕೂತ.

"ಹೌದು" ಎಂದಳು ಡಾಕ್ಟರು. "ಎಳೆದು ಕೂರಿಸ್ಬೇಕಿತ್ತು." ಎದ್ದು ಬಂದು ಅವನ ರಟ್ಟೆ ಹಿಡಿದಳು. ಕೊರಳಪಟ್ಟಿ ಹಿಡಿಯಲು ಮಡಚಿದ್ದ ತೋಳು ಇದಕ್ಕೆ ಒದಗಿತು. ಚೀಲದಿಂದ ಪಟ್ಟಿ ತೆಗೆದು ಸುತ್ತಿದಳು.

"ಏಯ್, ನನಗೆ ಯಾಕೆ? ತಮ್ಮನ ಹೆಣ ಮುಂದಿಟ್ಕೊಂಡು... ನಾನು ಗುಂಡುಕಲ್ಲಿನ ಹಾಗಿದ್ದೀನಿ."

"ಮಾತಾಡ್ಬೇಡಿ."

ಗಾಳಿ ಒತ್ತುವ ಸದ್ದು, ಆಮೇಲೆ ನಿಧಾನವಾಗಿ ಇಳಿಯುವ ಸದ್ದು. ಡಾಕ್ಟರು ಇನ್ನೊಮ್ಮೆ ಒತ್ತಿದಳು. ಇನ್ನೊಂದು ತೋಳಿಗೆ ಸುತ್ತಿ ಮತ್ತೆ ಒತ್ತಿದಳು. ಅಳುತ್ತಿದ್ದವರೂ ಅಳು ನಿಲ್ಲಿಸಿ ಅವಳ ಮುಖವನ್ನೇ ನೋಡತೊಡಗಿದರು.

"ಬೆಳಿಗ್ಗೆಯಿಂದ ತಲೆ ನೋಯ್ತಿದೆಯಾ?"

"ಅತ್ತಿದ್ದೀನಲ್ಲ..."

"ಅದಕ್ಕೂ ಮುಂಚೆ?"

ಅಣ್ಣ ಅಂಗಿಯ ತೋಳನ್ನು ಕೆಳಗೆ ಎಳೆದುಕೊಳ್ಳತೊಡಗಿದ.

"ನೀವು ಇವರನ್ನ ಹೊರೋ ಹಾಗಿಲ್ಲ. ಈಗಲೇ ನನ್ನ ಜೊತೆ ಆಸ್ಪತ್ರೆಗೆ ಬರ್ಬೇಕು."

"ತಮ್ಮನಿಗೆ ಹೆಗಲು ಕೊಡಬೇಡ ಅಂತೀರಾ? ಮಣ್ಣು ಮುಗಿಸಿ ಬರ್ತೀನಿ, ಆಮೇಲೆ ಎಲ್ಲಿಗೆ ಬೇಕಾದ್ರೂ..."

"ಭಾವ." ಹೆಂಡತಿ ಗಂಡನ ಮುಖದಿಂದ ಕಣ್ಣು ಕೀಳದೆ ಹೇಳಿದಳು. "ಈ ಮನೇಲಿ 'ಆಮೇಲೆ' ಅನ್ನೋ ಮಾತು ಆಡ್ಬೇಡಿ. ಹೋಗಿ."

"ಅಲ್ಲಮ್ಮಾ..."

"ಮಗಳೂ ಬರ್ತಾಳೆ. ಹೋಗಿ, ಅಂದೆ."

ಲಿಫ್ಟ್ ಇನ್ನೂ ಅದೇ ಮಹಡಿಯಲ್ಲಿತ್ತು; ಮಗಳು ಬಟನ್ ಒತ್ತಿ ಬಾಗಿಲು ತೆರೆಸಿದಳು. ಅಣ್ಣನನ್ನು ನಡುವೆ ನಿಲ್ಲಿಸಿಕೊಂಡು ಡಾಕ್ಟರು, ಮಗಳು, ಇನ್ನೂ ತರಕಾರಿ ಚೀಲ ಹಿಡಿದೇ ಇದ್ದ ಕೆಳಮನೆಯ ಮೇಷ್ಟ್ರು, ಜೊತೆಗೆ ಬರುತ್ತೇವೆಂದ ಬೇಕರಿಯ ಇಬ್ಬರು ಕೆಲಸದವರು ಒಳಗೆ ತುಂಬಿಕೊಂಡರು. ಬಾಗಿಲು ಅರ್ಧ ಮುಚ್ಚಿ ಮತ್ತೆ ತೆರೆಯಿತು.

"ಹ್ಞಾಂ... ಭಾರ ಜಾಸ್ತಿ ಆಯ್ತು ಕಣಯ್ಯಾ. ಒಬ್ಬರು ಇಳೀರಿ."

ಅಣ್ಣನ ಮುಖದಲ್ಲಿ ಒಂದು ಬಿಡುಗಡೆ ಕಾಣಿಸಿತು. "ನೋಡಿದ್ರಾ? ಅವನೇ ಹೇಳ್ತಿದ್ದಾನೆ, ಇಳಿ ಅಂತ" ಎಂದು ಒಂದು ಕಾಲನ್ನು ಹೊರಗಿಟ್ಟ.

ಸತ್ತವನ ಹೆಂಡತಿ ಹೊಸ್ತಿಲಿಂದ ಬಂದು ಅವನಿಗೆ ಅಡ್ಡ ನಿಂತಳು. ಮದುವೆಯಾಗಿ ಬಂದಂದಿನಿಂದ ಭಾವನ ಎದುರು ದನಿ ಎತ್ತದವಳು ಅಂಗೈಯನ್ನು ಅವನ ಎದೆಯ ಮೇಲೆ ಊರಿ ಒಳಕ್ಕೆ ತಳ್ಳಿದಳು. ಅಂಗಿಯ ಕೆಳಗೆ ಏನೋ ಹೊರಬರಲು ಬಾಗಿಲು ಬಡಿಯುತ್ತಿದ್ದ ಹಾಗೆ ಬಡಿಯುತ್ತಿತ್ತು.

"ಒಬ್ಬರು ಇಳೀರಿ" ಎಂದಿತು ದನಿ, ಮತ್ತೆ.

"ಇವರಲ್ಲ" ಎಂದಳು ಅವಳು.

ಮೇಷ್ಟ್ರು ಚೀಲ ಹಿಡಿದು ಇಳಿದರು. ಬಾಗಿಲು ಮುಚ್ಚಿತು.

ಹಿಂದೆ ಸ್ಕ್ರೂ ಮೆಲ್ಲಗೆ ಕೇಳಿದ. "ಎತ್ತೋಣ್ವಾ ಅಕ್ಕಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಸ್ಟ್ರೆಚರ್ ಮೆಟ್ಟಿಲಿಗೆ ಬಂತು. ಈ ಸಲ ಓರೆ ಮಾಡಿ ಎಂದು ಕೂಗುವವರಿಲ್ಲದೆ ಅದು ತಿರುವಿನಲ್ಲಿ ಗೋಡೆಗೆ ಉಜ್ಜಿ ಉಜ್ಜಿ ಇಳಿಯಿತು. ಅವಳು ಒಂದು ಕೈಯಿಂದ ಹೊದಿಕೆಯ ಅಂಚು ಹಿಡಿದಿದ್ದಳು. ಇನ್ನೊಂದರ ಅಂಗೈಯಲ್ಲಿ ಆ ಬಡಿತ ಇನ್ನೂ ಇದ್ದಂತಿತ್ತು. ಚೆಲ್ಲಿಹೋದೀತೆಂಬಂತೆ ಅದನ್ನು ಮುಚ್ಚಿ ಹಿಡಿದಿದ್ದಳು. ಗೋಡೆಯಾಚೆ ಲಿಫ್ಟಿನ ದನಿ ಮೂರನೇ ಮಹಡಿ ಹೇಳಿತು, ಎರಡನೇದು ಹೇಳಿತು, ಆತುರ ಬೇಡ ಕಣಯ್ಯಾ ಎನ್ನುತ್ತ ಅವರೆಲ್ಲರಿಗಿಂತ ಮುಂದೆ ಇಳಿದುಹೋಯಿತು. ರೂಢಿಯಂತೆ ಅವಳ ತುಟಿ ತೆರೆಯಿತು. "ಸರಿ ಡಾಕ್ಟ್ರೇ" ಬರಲಿಲ್ಲ.