ಟ್ಯಾಂಕಿನ ಗಾಳಿಗೆ ಮೂಗು ಮೀಟರಲ್ಲ

ವಿಮಾನ ರಿಪೇರಿ ಮಾಡುವವರ ಮನೆಯಲ್ಲಿ ಒಗೆಯುವ ಬಟ್ಟೆಗೆಲ್ಲ ಇಂಧನದ ವಾಸನೆ. ಎಷ್ಟು ಸೋಪು ಉಜ್ಜಿದರೂ ಹೋಗುವುದಿಲ್ಲ. ಆದರೆ ನನ್ನ ಗಂಡನಿಗೆ ತಮ್ಮ ಮೂಗಿನ ಮೇಲೆ ಭಾರೀ ಜಂಬ. ಸೋರಿಕೆ ಎಲ್ಲಿದೆ ಅಂತ ಮೂಸಿಯೇ ಹೇಳಿಬಿಡುತ್ತಿದ್ದರು. ಕೆಲಸದ ಜಾಗದಲ್ಲಿ ಎಲ್ಲರೂ ಅವರನ್ನು ‘ಮೂಗಿನ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು.

ನನ್ನ ತಮ್ಮ ಅವರ ಕೈಕೆಳಗೇ ಕೆಲಸಕ್ಕಿದ್ದ. ಸಣಕಲ. ರೆಕ್ಕೆಯೊಳಗಿನ ಇಂಧನ ಟ್ಯಾಂಕಿನ ಕಿಂಡಿಯಲ್ಲಿ ಸಲೀಸಾಗಿ ನುಗ್ಗುತ್ತಿದ್ದ. ಅದಕ್ಕೇ ಒಳಗಿನ ಕೆಲಸವೆಲ್ಲ ಅವನ ತಲೆಗೆ ಬೀಳುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ತಮ್ಮ ಮಾತು ತೆಗೆದ.

“ಭಾವ, ನಾಳೆ ಟ್ಯಾಂಕ್ ಸುರಕ್ಷತೆ ತರಬೇತಿ ಇದೆ. ಈ ಸಲ ಆದ್ರೂ ಬನ್ನಿ.”

“ನಂಗೇ ತರಬೇತಿನಾ? ಆ ತರಬೇತಿ ಕೊಡೋ ಮೇಡಂ ಹುಟ್ಟೋ ಮೊದ್ಲಿಂದ ಟ್ಯಾಂಕಲ್ಲಿ ತೆವಳ್ತಾ ಇದೀನಿ.”

“ಒಳಗಿನ ಗಾಳೀಲಿ ಆವಿ ಎಷ್ಟಿದೆ ಅಂತ ಮೀಟರ್ ಹಿಡಿದು ಮತ್ತೆ ಮತ್ತೆ ನೋಡ್ಬೇಕಂತೆ. ಮೂಗನ್ನ ನಂಬಬಾರದಂತೆ.”

“ನನ್ ಮೂಗಿಗೆ ಏನಾಗಿದೆಯೋ? ನೀನು ಸ್ನಾನ ಮಾಡಿಲ್ಲ ಅಂತ ಇಲ್ಲಿಂದ್ಲೇ ಗೊತ್ತಾಗ್ತಿದೆ!”

ಎಲ್ಲರೂ ನಕ್ಕೆವು. ತಮ್ಮ ಒಬ್ಬನೇ ತರಬೇತಿಗೆ ಹೋಗಿ ಬಂದ.

ಮುಂದಿನ ವಾರ ಒಂದು ಟ್ಯಾಂಕಿನೊಳಗೆ, ಇಂಧನ ಸೋರದಂತೆ ಸಂದಿಗಳಿಗೆ ಹಚ್ಚಿದ್ದ ಹಳೇ ಗೋಂದು ತೆಗೆದು ಹೊಸದು ಬಳಿಯುವ ಕೆಲಸ ಬಂತು. ಅಲ್ಲಿ ನಡೆದದ್ದನ್ನೆಲ್ಲ ಆಮೇಲೆ ನನ್ನ ಗಂಡನೇ ನನಗೆ ಹೇಳಿದ್ದು. ಇಂಧನ ಖಾಲಿ ಮಾಡಿ, ಕಿಂಡಿಯೊಳಗೆ ದಪ್ಪ ಕೊಳವೆ ತೂರಿಸಿ ಗಾಳಿ ಊದುತ್ತಿದ್ದರು. ಬೆಳಿಗ್ಗೆ ಮೀಟರ್ ಹಿಡಿದಾಗ ಎಲ್ಲ ಸರಿಯಿತ್ತು. ಮಧ್ಯಾಹ್ನ ತಮ್ಮ ಗೋಂದು ಕರಗಿಸುವ ದ್ರಾವಣದ ಡಬ್ಬಿ ಹಿಡಿದು ಹೊರಟ. ಕೊಳವೆ ಅಡ್ಡ ಬಂದು ಭುಜ ಸಿಕ್ಕಿಕೊಂಡಿತು.

“ಅತ್ಲಾಗೆ ತೆಗಿ ಆ ಕೊಳವೇನ. ಐದು ನಿಮಿಷದ ಕೆಲಸಕ್ಕೆ ಎಷ್ಟು ಒದ್ದಾಟ!” ಎಂದರು ಇವರು.

“ಭಾವ, ಇನ್ನೊಂದ್ಸಲ ಮೀಟರ್ ಹಿಡಿದು...”

“ಮೂಸಿ ನೋಡಾಯ್ತು, ಏನೂ ಇಲ್ಲ. ನಡಿ ನಡಿ.”

ಭಾವನಿಗೆ ಎದುರಾಡಿದವನೇ ಅಲ್ಲ ಅವನು. ಕೊಳವೆ ಹೊರಗೆಳೆದು ಹಾಕಿ ಒಳಗೆ ಹೋದ.

ಹೊರಗೆ ಕಾವಲು ನಿಲ್ಲಬೇಕಾದವರು ಇವರೇ. ಪಕ್ಕದ ವಿಮಾನದವರು ಯಾರೋ ಕರೆದರೆಂದು ಹೋಗಿ ಮಾತಿಗೆ ನಿಂತರು. ವಾಪಸ್ ಬಂದು ಕೂಗಿದರೆ ಉತ್ತರವಿಲ್ಲ. ಬಗ್ಗಿ ನೋಡಿದರೆ ಬೂಟು ಕಾಣುತ್ತಿತ್ತು, ಅಲ್ಲಾಡುತ್ತಿರಲಿಲ್ಲ. ಕಿರುಚಿಕೊಂಡು ಇವರೂ ಕಿಂಡಿಗೆ ತಲೆ ತೂರಿಸಿದರು. ಕೂಗು ಕೇಳಿ ಓಡಿ ಬಂದ ತರಬೇತಿ ಮೇಡಂ ಇವರ ಸೊಂಟದ ಬೆಲ್ಟು ಹಿಡಿದು ಹಿಂದಕ್ಕೆಳೆದರು.

“ಬಿಡಿ ಮೇಡಂ, ನನ್ ಬಾಮೈದ ಒಳಗಿದಾನೆ!”

“ನೀವೂ ಹೋದ್ರೆ ಎರಡು ಹೆಣ ತೆಗೀಬೇಕಾಗತ್ತೆ! ಕೊಳವೆ ಹಾಕಿ, ಗಾಳಿ ಊದಿ! ರಕ್ಷಣಾ ತಂಡ ಕರೀರಿ!”

ಉಸಿರಾಟದ ಸಿಲಿಂಡರ್ ಹೊತ್ತ ತಂಡದವರು ಅವನನ್ನು ಹೊರಗೆ ತಂದರು. ಆಸ್ಪತ್ರೆ ತಲುಪುವ ಹೊತ್ತಿಗೆ ನನ್ನ ತಮ್ಮನ ಉಸಿರು ನಿಂತಿತ್ತು.

ನಾನು ಇವರ ಜೊತೆ ಮಾತು ಬಿಟ್ಟೆ. ಊಟದ ತಟ್ಟೆಯನ್ನು ಮುಂದೆ ಕುಕ್ಕಿ ಹೋಗುತ್ತಿದ್ದೆ, ಅಷ್ಟೆ. ಒಂದು ದಿನ ಮೇಡಂ ಮನೆಗೆ ಬಂದರು.

“ದೇವರಾಣೆ ಮೇಡಂ, ನಂಗೇನೂ ವಾಸನೆ ಬರ್ಲಿಲ್ಲ,” ಎಂದರು ಇವರು.

“ಬರ್ಲಿಲ್ಲ, ನಿಜ. ದಿನಾ ಅದೇ ವಾಸನೇಲಿದ್ರೆ ಮೂಗಿಗೆ ಅಭ್ಯಾಸ ಆಗ್ಬಿಡತ್ತೆ. ಮೀಟರಿಗೆ ಆಗಲ್ಲ. ಬೆಳಿಗ್ಗೆ ಇದ್ದ ಗಾಳಿ ಬೇರೆ. ದ್ರಾವಣ ಒಳಗೆ ಹೋಗಿ ಕೊಳವೆ ಹೊರಗೆ ಬಂದ್ಮೇಲಿನ ಗಾಳಿ ಬೇರೆ. ಅದ್ರಲ್ಲಿ ದ್ರಾವಣದ ಆವಿ ತುಂಬಿ ಉಸಿರು ಕಟ್ಟತ್ತೆ. ಆ ಆವಿಗೆ ಒಂದು ಕಿಡಿ ತಗುಲಿದ್ರೆ ಅಲ್ಲಿದ್ದವರು ಯಾರೂ ಉಳೀತಿರ್ಲಿಲ್ಲ.”

ನನಗೆ ತಡೆಯಲಾಗಲಿಲ್ಲ. ಇವರ ಕಡೆ ತಿರುಗಿ ಅಂದೆ, “ನನ್ ತಮ್ಮಂಗೆ ಇದೆಲ್ಲ ಗೊತ್ತಿತ್ತು ಕಣ್ರೀ. ನಿಮ್ ಮುಖ ನೋಡಿ ಸುಮ್ನಾದ.”

ಇವರು ಬಿಕ್ಕಿ ಬಿಕ್ಕಿ ಅತ್ತರು. ಈಗ ಒಂದು ತರಬೇತಿಯನ್ನೂ ತಪ್ಪಿಸುವುದಿಲ್ಲ. ಎಲ್ಲರೆದುರು ನಿಂತು ತಮ್ಮ ತಪ್ಪನ್ನು ತಾವೇ ಹೇಳುತ್ತಾರೆ. ನನಗೆ ಸಮಾಧಾನವಾಯಿತೇ ಎಂದು ಕೇಳಬೇಡಿ. ಆಗಿಲ್ಲ.

ವಿಮಾನದ ಕೆಲಸ ಮಾಡುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಟ್ಯಾಂಕಿನೊಳಗೆ ಜನ ಇರುವಷ್ಟು ಹೊತ್ತೂ ಗಾಳಿ ಊದುತ್ತಲೇ ಇರಬೇಕು, ಮೀಟರ್ ನೋಡುತ್ತಲೇ ಇರಬೇಕು. ಕಾವಲಿಗೆ ನಿಂತವರು ಜಾಗ ಬಿಟ್ಟು ಕದಲಬೇಡಿ. ಒಳಗಿದ್ದವರು ಬಿದ್ದರೆ ನೀವು ನುಗ್ಗಬೇಡಿ, ರಕ್ಷಣಾ ತಂಡವನ್ನು ಕೂಗಿ. ಹಿರಿಯರು ಮೀಟರ್ ಬೇಡವೆಂದರೆ ಕಿರಿಯರು ಬಾಯಿ ಬಿಟ್ಟು “ಆಗಲ್ಲ” ಎನ್ನಿ. ತರಬೇತಿಗೆ ಹೋಗಲು ಬೇಜಾರೇ? ಹಾಗಾದರೆ ನಿಮ್ಮನ್ನು ನಂಬಿ ಆ ಕಿಂಡಿಯೊಳಗೆ ಇಳಿಯುವವನ ಮನೆಗೆ ಹೋಗಿ. ಅವನ ಅಕ್ಕನ ಮುಖ ನೋಡಿ ಹೇಳಿ, ನಿಮಗೆ ಬೇಜಾರು ಅಂತ.