ಯರ್ರಮ್ಮ ಹೇಳದೆ ಬಿಟ್ಟದ್ದು

ಪಾಲಣ್ಣ ಚಳ್ಳಕೆರೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಇಪ್ಪತ್ತೆರಡು ವರ್ಷದಿಂದ ಶೇಂಗಾ ಮಂಡಿಯ ಸುದ್ದಿ, ಬಸ್ ಅಪಘಾತ, ಭೂಮಿಪೂಜೆ ಬರೆದುಕೊಂಡು ಬಂದವನು. ಬಿಡುವಾದಾಗ ಕಥೆಯನ್ನೂ ಬರೆಯುತ್ತಿದ್ದ. ಹೋದ ವರ್ಷ ಒಂದು ವಿಶೇಷಾಂಕದಲ್ಲಿ ಬಂದ ಅವನ ಕಥೆಗೆ ಮೊದಲ ಬಹುಮಾನ ಸಿಕ್ಕಿತು. ಆಮೇಲೆ ಹೋಟೆಲಿನಲ್ಲಿ ಟೀ ಕೊಡುವವರೂ ಅವನನ್ನು ಸಾಹಿತಿಗಳೇ ಎಂದು ಕರೆಯತೊಡಗಿದರು. ಹಾಗೆ ಕರೆದಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ. ಆ ಕಥೆ ಅವನದಾಗಿರಲಿಲ್ಲ.

ಅದು ದೊಡ್ಡಉಳ್ಳಾರ್ತಿಯ ಯರ್ರಮ್ಮನದು. ಐದು ವರ್ಷದ ಹಿಂದೆ, ಕುರಿ ಮೇಯುವ ಕಾವಲಿಗೆ ಬೇಲಿ ಹಾಕಿದ್ದರ ಬಗ್ಗೆ ಬರೆಯಲು ಹೋದಾಗ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಿದ್ದಳು. ಕುರಿ ಕಾದವಳು, ಅರವತ್ತರ ಹತ್ತಿರದ ಹೆಂಗಸು. ಹಳೆಯ ಕಾಲದ ಮಾತು ಆಡುತ್ತಾ ಆಡುತ್ತಾ ದನಿ ತಗ್ಗಿಸಿದಳು.

"ನಮ್ಮೆಜಮಾನ್ರಿಗೆ ಅವತ್ತು ಮೈ ಹುಷಾರಿರ್ಲಿಲ್ಲ. ಎಳೇ ಕೂಸು ಕಟ್ಕಂಡು ನಾನೇ ಕುರಿ ಹಿಂದೆ ಹೋದೆ. ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಮಲಗಿಸಿದ್ದೆ. ಕೈಯಾಗೆ ಕರೀ ಮಣಿ ಕಟ್ಟಿದ್ದೆ. ಕುರಿ ಯಾರದೋ ಶೇಂಗಾ ಹೊಲಕ್ಕೆ ನುಗ್ಗಿದ್ವು. ಹೊಲದೋನು ನನ್ನ ಹಿಡ್ಕಂಡು ಜಗಳಕ್ಕೆ ನಿಂತ. ವಾಪಸ್ ಬರೋ ಹೊತ್ತಿಗೆ ನೆರಳು ಸರಿದಿತ್ತು. ಜೋಳಿಗೆ ಪೂರಾ ಬಿಸಿಲಲ್ಲಿತ್ತು."

ಮಜ್ಜಿಗೆಯ ಚೊಂಬು ಪಕ್ಕಕ್ಕೆ ಸರಿಸಿ ಹೇಳಿದಳು: "ಕೂಸು ಜ್ವರ ಬಂದು ತೀರಿಹೋಯ್ತು ಅಂತ ಮನೇಲಿ ಹೇಳ್ದೆ. ಮೂವತ್ತು ವರ್ಷ ಆತು, ಯಾರಿಗೂ ಗೊತ್ತಿಲ್ಲ. ನೀನು ಹೊರಗಿನೋನು, ಬಾಯಿಗೆ ಬಂದ್ಬಿಡ್ತು. ಪೇಪರ್‌ಗೆ ಹಾಕ್ಬ್ಯಾಡ ಕಣಪ್ಪ."

"ಹಾಕಲ್ಲ ಅಕ್ಕಾ," ಅಂದಿದ್ದ ಪಾಲಣ್ಣ.

ಪೇಪರಿಗೆ ಹಾಕಲಿಲ್ಲ. ನಾಲ್ಕು ವರ್ಷ ಕಾದು ಕಥೆ ಮಾಡಿದ. ಹೆಂಗಸಿನ ಹೆಸರು ಬದಲಾಯಿಸಿದ, ಊರು ಬದಲಾಯಿಸಿದ. ಬೇವಿನ ಮರ, ಜೋಳಿಗೆ, ಕೂಸಿನ ಕೈಯ ಕರಿಮಣಿ, ಹೊಲದವನ ಜಗಳ ಎಲ್ಲ ಹಾಗೇ ಉಳಿದವು. ಯರ್ರಮ್ಮನಿಗೆ ಓದು ಬರುವುದಿಲ್ಲ ಎಂಬುದು ಬರೆಯುವಾಗ ಅವನಿಗೆ ಚೆನ್ನಾಗಿ ನೆನಪಿತ್ತು.

ಈ ಫೆಬ್ರವರಿಯಲ್ಲಿ ಫೋನ್ ಬಂತು. ಯರ್ರಮ್ಮನ ಮಗಳು ನಾಗರತ್ನ, ಅಂಗನವಾಡಿ ಟೀಚರು.

"ಸಾರ್, ನಿಮ್ಮ ಕಥೆ ಸಿಕ್ತು. ನಮ್ಮ ಕಡೇದು ಅಂತ ಖುಷಿಯಿಂದ ಅಪ್ಪಂಗೆ, ಅವ್ವಂಗೆ ಓದಿ ಹೇಳ್ದೆ. ಅರ್ಧಕ್ಕೆ ಅಪ್ಪ ಎದ್ದು ಹೋದ್ರು. ಅವ್ವನ ಮುಖ ನೋಡಿದ್ ಮ್ಯಾಲೆ ಇದು ನಮ್ಮನೇದೇ ಅಂತ ನನಗೆ ಗೊತ್ತಾತು. ಮಾರನೇ ಬೆಳಗ್ಗೆ ಅಪ್ಪ ಕುರಿ ಹೊಡ್ಕಂಡು ಮೊಳಕಾಲ್ಮೂರು ಕಡೆ ಹೋದೋರು, ಇಪ್ಪತ್ತು ದಿನ ಆತು, ಫೋನ್ ಎತ್ತಲ್ಲ. ಅವ್ವ ಸರಿಯಾಗಿ ಉಣ್ಣಲ್ಲ."

ಪಾಲಣ್ಣ ಬರೆಯುತ್ತಿದ್ದ ಸುದ್ದಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ದೊಡ್ಡಉಳ್ಳಾರ್ತಿಗೆ ಹೋದ. ಯರ್ರಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಮಡಿಲಿನ ಬೀಜ ಬುಟ್ಟಿಗೆ ಸುರಿದು, "ಅರ್ಧ ಕೇಳಿದೀನಿ. ಉಳಿದಿದ್ದು ಓದು," ಅಂದಳು.

ಮೊಬೈಲಿನಲ್ಲಿದ್ದ ಕಥೆ ತೆಗೆದು ಓದಿದ. ತಾಯಿ ಕೂಸನ್ನು ಎದೆಗವಚಿಕೊಂಡು ಕಾವಲೆಲ್ಲ ನಡುಗುವಂತೆ ಅತ್ತಳು ಎಂಬ ಕಡೆ ಬಂದಾಗ ಅವಳು ಕೈ ಎತ್ತಿದಳು.

"ಅಳಲಿಲ್ಲ ನಾನು. ಕುರಿ ಚೆಲ್ಲಾಪಿಲ್ಲಿ ಆಗಿದ್ವು. ಮೊದ್ಲು ಅವನ್ನ ಒಂದು ಕಡೆ ಮಾಡ್ದೆ. ಆಮ್ಯಾಲೆ ಕೂಸು ಎತ್ಕಂಡೆ."

ತೀರ್ಪುಗಾರರು ಬಾಯಿ ತುಂಬ ಹೊಗಳಿದ್ದು ಆ ಅಳುವನ್ನೇ. ಪಾಲಣ್ಣ ಮೊಬೈಲು ಕೆಳಗಿಟ್ಟ.

"ತಪ್ಪಾತು ಅಕ್ಕಾ."

"ತಪ್ಪು ಅಂತ ಗೊತ್ತಿದ್ದೇ ಬರದ್ಯಲ್ಲಪ್ಪ?"

"ಹೂಂ."

"ಹಂಗಾದ್ರೆ ನಾನೇನು ಹೇಳ್ಲಿ," ಎಂದು ಹುಣಸೆಬೀಜ ಆರಿಸತೊಡಗಿದಳು.

ಅಲ್ಲಿಂದ ಬಂದವನು ಮನೆಯಲ್ಲಿ ಕೂರಲಾರದೆ ಮೊಳಕಾಲ್ಮೂರಿಗೆ ಬಸ್ ಹತ್ತಿದ. ಎರಡು ದಿನ ಕುರಿಯವರನ್ನು ಕೇಳಿ ಕೇಳಿ, ಆಂಧ್ರದ ಗಡಿಗೆ ಒತ್ತಿಕೊಂಡ ಹೊಲವೊಂದರಲ್ಲಿ ಯರ್ರಮ್ಮನ ಗಂಡ ಜೋಗಪ್ಪನನ್ನು ಕಂಡುಹಿಡಿದ. ಜೋಗಪ್ಪ ಹೊಲದ ಗೊಬ್ಬರಕ್ಕಾಗಿ ಅಲ್ಲಿ ಕುರಿಗಳನ್ನು ತರುಬಿ ನಿಲ್ಲಿಸಿದ್ದ. ಕಂಬಳಿ ಹೊದ್ದು ಬದುವಿನ ಮೇಲೆ ಕೂತಿದ್ದ. ಪಾಲಣ್ಣ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನೇ ಹೇಳಿದ.

"ಜೋಗಪ್ಪಣ್ಣ, ಆ ಕಥೆ ನಾನು ಕಟ್ಟಿದ್ದು. ನಿಮ್ಮ ಮನೇದಲ್ಲ."

"ಕೂಸಿನ ಕೈಯಾಗಿನ ಕರೀ ಮಣಿನೂ ನೀನೇ ಕಟ್ಟಿದ್ದಾ?"

ಪಾಲಣ್ಣ ತಲೆ ತಗ್ಗಿಸಿದ.

"ಅದಿರ್ಲಿ. ನಿನ್ನ ಕಥೇಲಿ ಗಂಡ ಎಲ್ಲಿದ್ದ?"

"ಹುಷಾರಿಲ್ಲದೆ ಮನೇಲಿ ಮಲಗಿದ್ದ ಅಂತ ಐತೆ. ಅಕ್ಕ ಹಂಗೇ ಹೇಳಿದ್ದು."

ಜೋಗಪ್ಪ ಅವನನ್ನೇ ನೋಡಿದ. "ಹಂಗಂದ್ಲಾ? ಹೊರಗಿನೋನ ಹತ್ರನೂ ಹಂಗೇ ಅಂದ್ಲಾ?"

ಎದ್ದು ನಿಂತವನು ಮತ್ತೆ ಕೂತ.

"ನಾನು ಚಳ್ಳಕೆರೆ ಟಾಕೀಸಲ್ಲಿದ್ದೆ. ಬಾಣಂತಿ, ಬಿಸಿಲಿಗೆ ಆಗಲ್ಲ ಅಂದ್ಲು. ಬೈದು ಅಟ್ಟಿದೆ, ಸಿನಿಮಾಕ್ಕೆ ಹೋದೆ. ಸಂಜೆ ಬಂದು ಕೂಸು ಮಾರಕ್ಕನ ಮುಖ ನೋಡಿದಾಗ್ಲೇ ಜ್ವರ ಅಲ್ಲ ಅಂತ ಗೊತ್ತಾತು. ಕೇಳಿದ್ರೆ, ನೀನೆಲ್ಲಿದ್ದೆ ಅಂತ ಅವಳು ಕೇಳ್ತಾಳೆ ಅಂತ ಬಾಯಿ ಮುಚ್ಕಂಡೆ. ಮಗಳು ಓದ್ತಿದ್ದಾಗ, ಇನ್ನೇನು ನನ್ನ ವಿಷಯ ಬರುತ್ತೆ ಅಂತ ಎದ್ದು ಬಂದೆ. ಅವಳ ಮ್ಯಾಲೆ ನನಗೇನ್ ಸಿಟ್ಟಯ್ಯ?"

ಕುರಿಗಳು ಮೆಲುಕು ಹಾಕುತ್ತಿದ್ದವು. ಹೊಲದ ಯಜಮಾನ ದೂರದಿಂದ ತೆಲುಗಿನಲ್ಲಿ ಏನೋ ಕೂಗಿದ. ಜೋಗಪ್ಪ ಅತ್ತ ಕೈ ಬೀಸಿದ.

"ಇದನ್ನೂ ಬರೀತೀಯಾ?" ಎಂದು ಕೇಳಿದ.

"ಇಲ್ಲಣ್ಣ."

"ಅವಳಿಗೂ ಹಿಂಗೇ ಅಂದಿದ್ಯೇನೋ."

ವಾಪಸು ಬರುವ ಬಸ್ಸಿನಲ್ಲಿ ಪಾಲಣ್ಣ ಕಿಟಕಿಗೆ ತಲೆಯಾನಿಸಿ ಕೂತ. ಬಸ್ಸು ಊರು ದಾಟುವಷ್ಟರಲ್ಲಿ ಟಾಕೀಸಿನ ಕತ್ತಲು, ಬೆಂಚಿನ ಮೇಲೆ ಕೂತ ಗಂಡ, ಅದೇ ಹೊತ್ತಿಗೆ ಬಿಸಿಲಿಗೆ ಬಿದ್ದ ಜೋಳಿಗೆ ಎಲ್ಲ ಸೇರಿ ಒಂದು ವಾಕ್ಯವಾಗಿ ಅವನ ತಲೆಯಲ್ಲಿ ನಿಂತಿತ್ತು. ಒಳ್ಳೆಯ ವಾಕ್ಯ. ಬರೆದದ್ದಕ್ಕಿಂತ ಇದು ದೊಡ್ಡ ಕಥೆ ಎಂದು ಅವನಿಗೆ ತಟ್ಟನೆ ಹೊಳೆಯಿತು. ಕ್ಷಮೆ ಕೇಳಲು ಹೋದವನು ಮತ್ತೊಂದನ್ನು ಎತ್ತಿಕೊಂಡು ಬಂದಿದ್ದ. ಯಾರೂ ನೋಡದಿದ್ದರೂ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಮನೆಗೆ ಬಂದವನೇ ಪ್ರಕಾಶಕರಿಗೆ ಫೋನ್ ಮಾಡಿ, ಅಚ್ಚಿಗೆ ಹೊರಟಿದ್ದ ಸಂಕಲನದಿಂದ ಆ ಕಥೆ ತೆಗೆಯಿರಿ ಎಂದ. "ಪುಸ್ತಕಕ್ಕೆ ಅದರದೇ ಹೆಸರಲ್ರೀ!" ಎಂದು ಅವರು ರೇಗಿದರು. "ಹೆಸರೂ ತೆಗೀರಿ," ಎಂದ.

ವಾರದ ಮೇಲೆ ನಾಗರತ್ನ ಮತ್ತೆ ಫೋನ್ ಮಾಡಿದಳು.

"ಅಪ್ಪ ಬಂದ್ರು ಸಾರ್. ಇಬ್ರೂ ಬಾಗಿಲು ಹಾಕ್ಕಂಡು ಒಂದು ಹಗಲು ಮಾತಾಡಿದ್ರು. ಅವ್ವ ಆ ಹೊತ್ತು ಅತ್ಲು, ನಾನು ಹೊರಗಿಂದ ಕೇಳಿಸ್ಕಂಡೆ. ಈಗ ಉಣ್ತಾಳೆ. ನನಗೊಬ್ಬಳು ಅಕ್ಕ ಇದ್ಲು ಅಂತ ಹೆಸರು ಹಿಡಿದು ಹೇಳ್ತಾಳೆ."

ಪಾಲಣ್ಣನ ಎದೆ ಹಗುರಾಗುವುದರಲ್ಲಿತ್ತು.

"ಆದ್ರೆ ನೀವು ನಮ್ಮನೆ ಕಡೆ ಬರಬ್ಯಾಡ್ರಿ ಸಾರ್. ಅವ್ವನೇ ಹೇಳು ಅಂದ್ಲು."

"ಆಯ್ತಮ್ಮ," ಎಂದ.

ಜೂನಿನಲ್ಲಿ ಪುಸ್ತಕ ಬೇರೆ ಹೆಸರಿನಲ್ಲಿ ಬಂತು. ಬಹುಮಾನ ಬಂದ ಕಥೆಯನ್ನೇ ಯಾಕೆ ಬಿಟ್ಟಿರಿ ಎಂದು ಬಿಡುಗಡೆಯ ದಿನ ಗೆಳೆಯರು ಸುತ್ತುವರಿದು ಕೇಳಿದರು. ಅದರಲ್ಲಿ ಒಂದು ಅಳು ತಪ್ಪಾಗಿತ್ತು ಎಂದಷ್ಟೇ ಹೇಳಿದ. ಅವರಿಗೆ ಅರ್ಥವಾಗಲಿಲ್ಲ, ಅವನು ಬಿಡಿಸಿ ಹೇಳಲೂ ಇಲ್ಲ.