ಇಂಗಿನ ಡಬ್ಬಿ

ಬೆಳಿಗ್ಗೆ ಐದೂಕಾಲು. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿರುವ ಹೋಟೆಲಿನ ಅಡುಗೆಮನೆಯಲ್ಲಿ ಗ್ಯಾಸ್ ಸೋರುತ್ತಿತ್ತು. ಒಳಗಿದ್ದ ಮೋಹನದಾಸರಿಗೆ ಅದು ಗೊತ್ತಾಗಲಿಲ್ಲ.

ಅವರು ಆಗ ಇಂಗಿನ ಡಬ್ಬಿಯ ಮುಚ್ಚಳ ತೆರೆದು ಅದರೊಳಗೆ ಮೂಗು ಇಟ್ಟಿದ್ದರು. ದೀಪಾವಳಿಯ ಹೊತ್ತಿಗೆ ಬಂದ ಜ್ವರ ವಾರದಲ್ಲಿ ಇಳಿದಿತ್ತು, ಆದರೆ ಹೋಗುವಾಗ ವಾಸನೆಯನ್ನೂ ಒಯ್ದಿತ್ತು. ಅಂದಿನಿಂದ ಒಲೆ ಹಚ್ಚುವ ಮೊದಲು ದಿನವೂ ಈ ಪರೀಕ್ಷೆ. ಕಣ್ಣು ಮುಚ್ಚಿ ಉಸಿರೆಳೆಯುವುದು, ಕಾಯುವುದು, ಮತ್ತೆ ಎಳೆಯುವುದು. ಇವತ್ತು ಬಂದೀತು ಎಂಬ ಆಸೆ. ಇವತ್ತೂ ಬರಲಿಲ್ಲ. ಇಂಗು ಮೂಸಿದರೆ ಕಾಗದ ಮೂಸಿದ ಹಾಗಿತ್ತು.

ಬೇರೆ ಅಡುಗೆಯವರಾದರೆ ನಾಲಿಗೆಯ ತುದಿಗೆ ಒಂದು ತೊಟ್ಟು ಮುಟ್ಟಿಸಿ ಕೆಲಸ ಸಾಗಿಸಬಹುದಿತ್ತು. ಈ ಅಡುಗೆಮನೆಯಲ್ಲಿ ಹಾಗಿಲ್ಲ. ಗೋಡೆಯ ಮೇಲಿನ ಕೃಷ್ಣನ ಪಟಕ್ಕೆ ಮೊದಲ ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಉಡುಪಿಯ ಕಡೆಯಿಂದ ಪುಣೆಗೆ ಬಂದು ಹೋಟೆಲು ತೆರೆದ ತಂದೆ ಮಾಡಿದ ನಿಯಮ ಅದು. ಹಾಗಾಗಿ ಉಪ್ಪು, ಹುಳಿ, ಖಾರ, ಬೇಳೆ ಬೆಂದದ್ದು ಎಲ್ಲವನ್ನೂ ಹಬೆಯ ಮೇಲೆ ಬಗ್ಗಿ ಮೂಗಿನಲ್ಲೇ ತೀರ್ಮಾನಿಸಬೇಕು. ಮೋಹನದಾಸರು ಅದರಲ್ಲಿ ಹೆಸರಾದವರು. ಕೊಲ್ಲಾಪುರ, ಬೆಳಗಾವಿ ಬಸ್ಸಿನ ಚಾಲಕರು ಕೂಡ ದಾಸಣ್ಣನ ಮೂಗಿನ ಬಗ್ಗೆ ಮಾತಾಡುತ್ತಿದ್ದರು.

ಮೂಗು ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಮೋಹನದಾಸರು ಮಗ ನಿತಿನನಿಗೆ ಹೇಳಿರಲಿಲ್ಲ. ಹೇಳಿದರೆ ಅವನು ಬೇರೆ ಅಡುಗೆಯವನನ್ನು ತರುತ್ತಾನೆ, ತನ್ನನ್ನು ಗಲ್ಲಾದ ಮೇಲೆ ಕೂರಿಸುತ್ತಾನೆ. ಆ ಕುರ್ಚಿಯನ್ನು ನೆನೆಯುವುದೂ ಅವರಿಗೆ ಬೇಡವಾಗಿತ್ತು.

ಡಬ್ಬಿ ಮುಚ್ಚಿ ಲೈಟರು ಕೈಗೆತ್ತಿಕೊಂಡಾಗ ಹಿಂಬಾಗಿಲಲ್ಲಿ ಗಂಗೂಬಾಯಿ ನಿಂತಿದ್ದಳು. ಧಾರವಾಡದ ಕಡೆಯವಳು, ತರಕಾರಿ ಹೆಚ್ಚುವ ಕೆಲಸದವಳು.

"ಅಣ್ಣಾರ, ಗ್ಯಾಸಿನ ವಾಸನಿ ಬರಾಕತ್ತದಲ್ರಿ?"

ಮೋಹನದಾಸರು ತಲೆ ಎತ್ತಿ ಎರಡು ಸಲ ಮೂಸಿದ ಹಾಗೆ ಮಾಡಿದರು. "ಗ್ಯಾಸೂ ಇಲ್ಲ, ಎಂತದೂ ಇಲ್ಲ. ಪಕ್ಕದ ಚರಂಡಿ ಅದು. ನಿನ್ನೆ ತೆರೆದು ಹಾಗೇ ಬಿಟ್ಟು ಹೋಗಿದ್ದಾರೆ."

"ಚರಂಡಿ ಹಿಂಗ ನಾರತದೇನ್ರಿ?"

"ಹಾಗಾದ್ರೆ ನನ್ನ ಮೂಗು ಸುಳ್ಳಾ? ಇನ್ನು ಮೇಲೆ ಮೂಗಿನ ಕೆಲಸ ನೀವೇ ಮಾಡಿ ಮಾರಾಯ್ರೆ, ಬೆಂಡೆಕಾಯಿ ನಾನು ಹೆಚ್ತೇನೆ."

ಗಂಗೂಬಾಯಿ ನಕ್ಕಳು. "ಬ್ಯಾಡ್ರಿ ಯಪ್ಪಾ. ನೀವು ಹೆಚ್ಚಿದ್ರ ಗಿರಾಕಿ ತಾಟಿನ್ಯಾಗ ಬಟ್ಟೂ ಸಿಗತಾವು. ನಿಮ್ಮ ಮೂಗಿನ ಮುಂದ ನಂದೇನದ?"

ಅವಳು ಒಳಗೆ ಬಂದಳು. ಚೀಲವನ್ನು ಮೊಳೆಗೆ ನೇತುಹಾಕಿ, ಕಿಟಕಿಯ ಬುಡದಲ್ಲಿದ್ದ ಈಳಿಗೆಮಣೆ ಎಳೆದುಕೊಂಡು, ಒಲೆಗೆ ಬೆನ್ನು ಹಾಕಿ ಕುಳಿತಳು.

ಮೋಹನದಾಸರ ಹೆಬ್ಬೆರಳು ಲೈಟರಿನ ಮೇಲೆಯೇ ಇತ್ತು. ಅವರು ಆ ಬೆನ್ನು ನೋಡಿದರು. ಸಂಶಯ ಇದ್ದವರು ಬಾಗಿಲಲ್ಲೇ ನಿಲ್ಲುತ್ತಾರೆ. ಇವಳು ಕುಳಿತಿದ್ದಳು, ಬುಟ್ಟಿಯಿಂದ ಬೆಂಡೆಕಾಯಿ ಆರಿಸುತ್ತಿದ್ದಳು. ಅವಳ ಮೂಗು ಹೇಳಿದ್ದನ್ನು ಅವಳೇ ನಂಬದ ಹಾಗೆ ಮಾಡಿದ್ದು ತಾನೇ. ಚರಂಡಿಯೇ ಇರಬಹುದು. ಇಲ್ಲದಿರಬಹುದು. ಯಾವುದೆಂದು ತನಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ.

ಅವರು ಲೈಟರನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟರು.

"ಗಂಗೂಬಾಯಿ, ಏಳಿ. ಹೊರಗೆ ಹೋಗಿ."

"ಯಾಕ್ರಿ?"

"ನನಗೆ ವಾಸನೆ ಬರುವುದಿಲ್ಲ. ದೀಪಾವಳಿಯಿಂದ ಬರುವುದಿಲ್ಲ. ಈಗ ಹೇಳಿದ್ದು ಸುಳ್ಳು."

ಅವಳು ತಿರುಗಿ ಒಮ್ಮೆ ನೋಡಿದಳು. ಕಿಟಕಿ ಹಿಡಿದು ಎದ್ದಳು. ಅಷ್ಟರಲ್ಲಿ ಮೇಲಿನ ಮನೆಯಿಂದ ಇಳಿಯುವ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ನಿತಿನ. ಅವನು ಒಳಗೆ ಕಾಲಿಟ್ಟ ಕೂಡಲೇ ಮಾಡುವ ಕೆಲಸ ಒಂದೇ, ಹೊಗೆ ಎಳೆಯುವ ಫ್ಯಾನಿನ ಸ್ವಿಚ್ ಒತ್ತುವುದು. ಅವನ ಕೈ ಆಗಲೇ ಗೋಡೆಯ ಕಡೆ ಚಾಚಿತ್ತು.

"ಸ್ವಿಚ್ ಮುಟ್ಟಬೇಡ!"

ಕೈ ಅಲ್ಲೇ ನಿಂತಿತು. "ಕಾಯ್ ಝಾಲಂ? ಏನಾಯ್ತು?" ಎಂದ ನಿತಿನ, ಗಾಬರಿಯಾದರೆ ಅವನಿಗೆ ಮರಾಠಿಯೇ ಮೊದಲು.

"ಗ್ಯಾಸ್. ಕೈ ಇಳಿಸು. ಅಲ್ಲಾಡಬೇಡ."

ಮೂವರೂ ನಿಂತರು. ಆ ನಿಶ್ಶಬ್ದದಲ್ಲಿ ಮೋಹನದಾಸರಿಗೆ ಒಂದು ಸಣ್ಣ ಸದ್ದು ಕೇಳಿಸಿತು. ದೊಡ್ಡ ಒಲೆಯ ಕೆಳಗಿನಿಂದ, ಸೈಕಲ್ ಟ್ಯೂಬಿನ ಗಾಳಿ ಇಳಿಯುವಾಗ ಬರುವಂಥ ಸುಯ್ಯೆನ್ನುವ ಸದ್ದು. ಅವರು ಒಳಗೆ ಬಂದಾಗಿನಿಂದಲೂ ಅದು ಇದ್ದಿರಬೇಕು. ಆಗ ಅವರು ಕಣ್ಣು ಮುಚ್ಚಿ ಡಬ್ಬಿಯೊಳಗೆ ಮೂಗಿಟ್ಟಿದ್ದರು.

ಹಿಂಬಾಗಿಲ ಹೊರಗೆ ಸಿಲಿಂಡರುಗಳ ಸಾಲು. ಅವರು ಓಡದೆ ನಡೆದು ಹೋಗಿ ವಾಲ್ವನ್ನು ತಿರುಗಿಸಿದರು. ಅದು ಬಿಗಿಯಾಗಿತ್ತು, ಎರಡೂ ಕೈ ಬೇಕಾಯಿತು. ಕಿವಿ ಒಳಗಿನ ಸದ್ದಿನ ಮೇಲೆಯೇ ಇತ್ತು. ಸದ್ದು ತೆಳುವಾಯಿತು, ನಿಂತಿತು.

"ನಿಂತಿತು," ಎಂದರು. ಗಂಗೂಬಾಯಿ ಕಿಟಕಿಗಳನ್ನು ತೆರೆದು ಹೊರಬಂದಳು.

ಗಾಳಿ ಆಡುವ ತನಕ ಗಲ್ಲಿಯಲ್ಲಿ ಕಾಯಬೇಕಾಯಿತು. ನಿತಿನ ರಿಪೇರಿಯವನಿಗೆ ಫೋನ್ ಮಾಡಿ ಬಂದು ಅಪ್ಪನ ಎದುರು ನಿಂತ.

"ದೀಪಾವಳಿಯಿಂದ?"

"ಹೌದು."

"ಮತ್ತೆ ದಿನಾ ಸಾಂಬಾರು?"

"ಅಂದಾಜು."

"ಅಂದಾಜಾ! ಮೇಲೆ ನಾವು ಮಲಗಿದ್ದೆವು, ಅಪ್ಪ. ನಿಮ್ಮ ಸೊಸೆ ಇದ್ದಾಳೆ, ಮಗು ಉಂಟು. ಅದೂ ಅಂದಾಜಾ?" ಪತ್ರಿಕೆ ಹಾಕುವವನು ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದ. "ಸಾಕು. ನೀವು ಇನ್ನು ಗಲ್ಲಾದಲ್ಲಿ ಕೂತ್ಕೊಳ್ಳಿ. ನಾನು ಬೇರೆ ಕುಕ್ ನೋಡ್ತೇನೆ."

ಇಷ್ಟು ತಿಂಗಳು ಹೆದರಿದ ಮಾತು ಅದು. ಈಗ ಗಲ್ಲಿಯ ನಡುವೆ, ಎಲ್ಲರಿಗೂ ಕೇಳುವ ಹಾಗೆ ಬಂದುಬಿಟ್ಟಿತ್ತು. ಅದು ತನ್ನನ್ನು ಏನು ಮಾಡುತ್ತದೋ ಎಂದು ಮೋಹನದಾಸರು ಕಾದರು. ಏನೂ ಮಾಡಲಿಲ್ಲ. ಮೂಗಿನ ಹೊಳ್ಳೆಗೆ ಚಳಿಯ ಗಾಳಿ ತಾಗಿತು. ನಿಲ್ದಾಣದಲ್ಲಿ ಕಂಡಕ್ಟರನೊಬ್ಬ ಸಾತಾರಾ, ಸಾತಾರಾ ಎಂದು ಕೂಗುತ್ತಿದ್ದ.

"ನೀನು ಹೇಳಿದ್ದು ಸರಿ," ಎಂದರು. "ತಪ್ಪು ನನ್ನದು. ಮೂಗು ಹೋಗಿದೆ, ಬಾರದೆಯೂ ಇರಬಹುದು. ಇನ್ನು ಕಾಯುವುದಿಲ್ಲ. ಆದರೆ ಇವತ್ತಿನ ಸಾಂಬಾರು ನಾನೇ ಮಾಡ್ತೇನೆ. ಗಂಗೂಬಾಯಿ ಪಕ್ಕದಲ್ಲಿ ನಿಂತು ವಾಸನೆ ನೋಡಲಿ. ಸರಿಯಾಗದಿದ್ದರೆ ಕುರ್ಚಿ ತೋರಿಸು, ಕೂರ್ತೇನೆ."

"ನೈವೇದ್ಯಕ್ಕೆ ಮೊದಲು ಬೇರೆಯವರು ಒಲೆಯ ಹತ್ತಿರ ಬರಬಾರದು ಅಂತ ನೀವೇ ಹೇಳ್ತಿದ್ರಿ."

"ಇಷ್ಟು ದಿನ ದೇವರಿಗೆ ಅಂದಾಜಿನದ್ದು ಬಡಿಸಿದ್ದೇನೆ. ಅದಕ್ಕಿಂತ ಇದು ಮೇಲು."

ನಿತಿನ ರಿಪೇರಿಯವನ ದಾರಿ ನೋಡುತ್ತಾ ಗಲ್ಲಿಯ ತುದಿಗೆ ನಡೆದ.

ರಿಪೇರಿಯವನು ಬಂದು ಪೈಪಿಗೆ ಸೋಪಿನ ನೀರು ಬಳಿದ. ವಾಲ್ವನ್ನು ಒಂದಿಷ್ಟು ಬಿಟ್ಟಾಗ ಒಲೆಯ ಕೆಳಗಿನ ಜೋಡಣೆಯಲ್ಲಿ ಗುಳ್ಳೆ ಎದ್ದಿತು. ರಬ್ಬರು ಸೀಳಿತ್ತು. ಹೊಸ ಪೈಪು ಹಾಕಿ, ಮತ್ತೆ ಸೋಪು ಬಳಿದು ನೋಡಿ ಹೋದ.

ಮೋಹನದಾಸರು ಲೈಟರು ಹಿಡಿದರು. ಗಂಗೂಬಾಯಿ ನೆಲದ ತನಕ ಬಗ್ಗಿ ಮೂಲೆ ಮೂಲೆ ಮೂಸಿ ಬಂದು ಒಲೆಯ ಪಕ್ಕ ನಿಂತಳು.

"ಇಲ್ರಿ. ಏನೂ ಇಲ್ಲ."

"ಖಾತ್ರಿಯಾ?"

"ಖಾತ್ರಿ ಇಲ್ಲದ ನಾ ಇಲ್ಲಿ ನಿಲ್ತಿದ್ನೇನ್ರಿ?"

"ಆಗ ಕೂತಿದ್ರಲ್ಲ."

"ಆಗ ನಿಮ್ಮ ಮೂಗಿನ ಮ್ಯಾಲ ಕೂತಿದ್ದೆ. ಈಗ ನನ್ನ ಮೂಗಿನ ಮ್ಯಾಲ ನಿಂತೀನಿ. ಹಚ್ಚರಿ."

ಒಲೆ ಹತ್ತಿತು. ನೀಲಿ ಜ್ವಾಲೆ, ಬೇರೇನೂ ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಿತಿನ ಉಸಿರು ಬಿಟ್ಟದ್ದು ಕೇಳಿಸಿತು.

ಎಣ್ಣೆ ಕಾದ ಮೇಲೆ ಸಾಸಿವೆ ಹಾಕಿದರು. ಮೊದಲು ಒಂದು ಸಿಡಿಯಿತು, ನಡುವೆ ಬಿಡುವು, ಆಮೇಲೆ ಗುಂಪಾಗಿ, ಆಮೇಲೆ ವಿರಳವಾಗಿ. ಈ ಸದ್ದು ದಿನವೂ ಇತ್ತು. ದೀಪಾವಳಿಯಿಂದ ಈಚೆಗೆ ಅವರು ಅದನ್ನು ಕೇಳಿಯೇ ಇರಲಿಲ್ಲ. ಬಾರದ ವಾಸನೆಗಾಗಿ ಉಸಿರು ಹಿಡಿದು ನಿಲ್ಲುತ್ತಿದ್ದರು. ಇಂಗಿನ ಪುಡಿ ಎಣ್ಣೆಯಲ್ಲಿ ನೊರೆಯಾಗಿ ಉಬ್ಬಿ ಬಣ್ಣ ತಿರುಗಿತು. ಕರಿಬೇವು ಚುಂಯ್ ಎಂದಿತು.

"ಬಂತ್ರಿ," ಎಂದಳು ಗಂಗೂಬಾಯಿ.

ಹೇಗಿದೆ ಎಂದು ಅವರು ಕೇಳಲಿಲ್ಲ. ಒಗ್ಗರಣೆಯನ್ನು ಸಾಂಬಾರಿಗೆ ಸುರಿದು, ಸೌಟು ತಿರುಗಿಸುತ್ತಾ, ಪಾತ್ರೆಯ ಅಂಚಿನಲ್ಲಿ ಕುದಿ ಏರುವುದನ್ನು ನೋಡಿದರು. ಅವರಿಗೆ ಖುಷಿಯಾಗಿತ್ತು. ಕಾರಣ ಹುಡುಕಿದರೆ ಹೊರಗೆ ಏನೂ ಸಿಗುತ್ತಿರಲಿಲ್ಲ. ಮೂಗು ಮರಳಿರಲಿಲ್ಲ, ಮಗನ ಸಿಟ್ಟು ಇಳಿದಿರಲಿಲ್ಲ, ಬೆಳಗಾವಿ ಬಸ್ಸಿನವರು ಹೊರಗೆ ಶಟರು ಬಡಿಯುತ್ತಿದ್ದರು.

ಕೃಷ್ಣನ ಪಟದ ಮುಂದೆ ಮೊದಲ ಬಟ್ಟಲು ಇಟ್ಟ ಮೇಲೆ ನಿತಿನ ಒಂದು ಸೌಟು ಹಾಕಿಸಿಕೊಂಡು ನಿಂತಲ್ಲೇ ಕುಡಿದ.

"ಉಪ್ಪು ಚೂರು ಕಮ್ಮಿ," ಎಂದವನೇ ಶಟರು ಎತ್ತಲು ಹೋದ.

ಆ ವಾರವೇ ಅವನು ಒಲೆಯ ಕೆಳಗೆ ಗ್ಯಾಸ್ ಸೋರಿದರೆ ಕೂಗುವ ಯಂತ್ರ ಹಾಕಿಸಿದ. ಗಂಗೂಬಾಯಿಯ ಈಳಿಗೆಮಣೆ ಕಿಟಕಿಯ ಬುಡದಿಂದ ಒಲೆಯ ಪಕ್ಕಕ್ಕೆ ಬಂತು. ಗಲ್ಲಾದ ಕುರ್ಚಿಯಲ್ಲಿ ನಿತಿನನೇ ಕುಳಿತ.